ಬಿಟ್ಟ ಮಿತ್ರಜೀವಿ ಕೆಲಸ ಮಾಡಲಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ದಾರಿ

ಹೋದ ವರ್ಷ ಮಳೆ ಶುರುವಾಗುವ ಮೊದಲು ಒಂದು ಸಂಜೆ ಪಕ್ಕದ ಮನೆಯ ಭಾವ ಬಂದು ನಮ್ಮ ಜಗಲಿಯಲ್ಲಿ ಒಂದು ಬಾಲ್ದಿ ಇಟ್ಟರು. ಒಳಗೆ ಎರಡು ಹಿಡಿ ಹಟ್ಟಿಗೊಬ್ಬರ. ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪದ ನಾಲ್ಕು ಬಿಳಿ ಹುಳ, ಮೈ ಬಗ್ಗಿಸಿಕೊಂಡು ಬಿದ್ದಿದ್ದವು.

"ನೋಡಿ ಭಾವ, ನೀವು ಹೇಳಿದ ಹಸಿರು ಪುಡಿ ಗುಂಡಿಗೆ ಹಾಕಿ ತಿಂಗಳಾಯ್ತು. ಇವು ಸಾಯುವುದು ಬಿಡಿ, ಇನ್ನೂ ದಪ್ಪ ಆಗಿವೆ. ನಾಳೆ ಪೇಟೆಯಿಂದ ವಿಷ ತಂದು ಸುರಿಯುತ್ತೇನೆ."

ನಮ್ಮದು ಕಾಸರಗೋಡಿನ ಎಣ್ಮಕಜೆ ಕಡೆ. ಎಂಡೋಸಲ್ಫಾನ್ ಕೀಟನಾಶಕ ಸುರಿದ ಈ ಊರಲ್ಲಿ 'ವಿಷ' ಎಂಬ ಮಾತನ್ನು ಯಾರೂ ಹಗುರಾಗಿ ಆಡುವುದಿಲ್ಲ. ಅವರು ಬೇಸರದಲ್ಲಿ ಹೇಳಿದ್ದು ಎಂದು ನನಗೆ ಗೊತ್ತಿತ್ತು. ಅವತ್ತು ರಾತ್ರಿ ಊಟ ತಡವಾಯ್ತು. ಹುಳ, ಪುಡಿ, ಡಬ್ಬಿ, ಗುಂಡಿ, ಒಂದೊಂದನ್ನೇ ವಿಚಾರಿಸುತ್ತಾ ಹೋದೆವು. ಕೊನೆಗೆ ಒಂದಲ್ಲ, ಮೂರು ತಪ್ಪು ಸಿಕ್ಕಿದವು. ಮೂರರಲ್ಲಿ ಒಂದೂ ಆ ಹಸಿರು ಪುಡಿಯಲ್ಲಿದ್ದ ಶಿಲೀಂಧ್ರದ್ದಲ್ಲ.

ಆಮೇಲೆ ಹೀಗೇ ಕೇಳಿಕೊಂಡು ಬಂದವರು ಹಲವರು. ಪುಡಿ ಹಾಕಿದೆ, ಪರೋಪಜೀವಿ ಕಣಜ ಬಿಟ್ಟೆ, ಏನೂ ಆಗಲಿಲ್ಲ ಎನ್ನುತ್ತಾರೆ. ರಾಸಾಯನಿಕ ಔಷಧಿಯನ್ನು ಹೇಗೆ ಇಟ್ಟರೂ ಹೇಗೆ ಹೊಡೆದರೂ ಅದು ಏನನ್ನಾದರೂ ಕೊಲ್ಲುತ್ತದೆ. ಮಿತ್ರಜೀವಿ ಹಾಗಲ್ಲ. ನಾವು ತರುವುದು ಬೆಳೆಯ ಕೀಟವನ್ನು ಕೊಲ್ಲುವ, ಜೀವ ಇರುವ ಒಂದು ಪ್ರಾಣಿ ಅಥವಾ ಶಿಲೀಂಧ್ರ. ಅದಕ್ಕೆ ತಿನ್ನಲು ಬೇಕು, ತೇವ ಬೇಕು, ಸಮಯ ಬೇಕು. ಹಾಗಾಗಿ ಕೆಲಸ ಆಗಲಿಲ್ಲ ಎಂದರೆ ಮೊದಲು ಕೇಳಬೇಕಾದ್ದು: ನಾನು ಬಿಟ್ಟಾಗ ಅದು ಬದುಕಿತ್ತಾ? ಬಿಟ್ಟ ಮೇಲೆ ಅದನ್ನು ನಾನೇ ಕೊಂದೆನಾ?

ಗೊಬ್ಬರ ಗುಂಡಿಯ ಹುಳ ಸಾಯುತ್ತಿಲ್ಲ

ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದು ಮರದಲ್ಲಿ ಅಲ್ಲ. ಗೊಬ್ಬರ ಗುಂಡಿ, ಕೊಳೆತ ತೆಂಗಿನ ಬುಡ, ತರಗೆಲೆ ರಾಶಿ ಇವೇ ಅದರ ಬಾಣಂತಿ ಕೋಣೆ. ಹಸಿರು ಮಸ್ಕಾರ್ಡಿನ್ ಶಿಲೀಂಧ್ರ, ಅಂದರೆ ಮೆಟಾರೈಜಿಯಂ ಮೇಜಸ್, ಅಲ್ಲಿ ಅದರ ಮರಿಹುಳವನ್ನು ಹಿಡಿಯುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವರ್ಷಗಳಿಂದ ಇದನ್ನು ಹೇಳುತ್ತಾ ಬಂದಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು. ನಮ್ಮ ಹತ್ತಿರದಲ್ಲೇ ಇರುವುದು ನಮ್ಮ ಪುಣ್ಯ.

ಮೊದಲು ಹುಳದ ಗುರುತು. ಭಾವನ ಬಾಲ್ದಿಯ ನಾಲ್ಕು ಹುಳವನ್ನೂ ಸಿಮೆಂಟು ನೆಲದ ಮೇಲೆ ಬಿಟ್ಟೆ. ಮೂರು ಹುಳ ಪಕ್ಕಕ್ಕೆ ಬಿದ್ದು, ಮೈ ಬಗ್ಗಿಸಿ ಕಾಲು ಆಡಿಸುತ್ತಾ ಒದ್ದಾಡಿದವು. ನಾಲ್ಕನೆಯದು ಅಂಗಾತ ತಿರುಗಿತು. ಕಾಲು ಮೇಲೆ, ಬೆನ್ನು ಕೆಳಗೆ. ಆ ಬೆನ್ನಿನ ಮೇಲೇ ಜಗಲಿಯ ಅಂಚಿನವರೆಗೆ ಸರಸರ ಹರಿದುಕೊಂಡು ಹೋಯಿತು. ಭಾವ ಬಾಯಿ ಬಿಟ್ಟುಕೊಂಡು ನೋಡಿದರು. ಬೆನ್ನಿನ ಮೇಲೆ ನಡೆಯುವುದು ಹೂದುಂಬಿಯ ಮರಿ. ಅದು ಕೊಳೆತ ಸೊಪ್ಪು ತಿಂದು ಗೊಬ್ಬರ ಮಾಡಿಕೊಡುತ್ತದೆ. ತೆಂಗಿಗೆ ಏನೂ ಮಾಡುವುದಿಲ್ಲ. ಕೆಲವರ ಗುಂಡಿಯಲ್ಲಿ ಇದೇ ಜಾಸ್ತಿ ಇರುತ್ತದೆ. ಅವರು ಸುಮ್ನೆ ಗಾಬರಿ ಬೀಳುತ್ತಾರೆ. ಹಾಗಾಗಿ ಗುಂಡಿ ಅಗೆದಾಗ ಹತ್ತು ಹುಳ ನೆಲಕ್ಕೆ ಬಿಟ್ಟು ನೋಡಿ. ಎಷ್ಟು ಬೆನ್ನಿನ ಮೇಲೆ ನಡೆದವು, ಎಷ್ಟು ಒದ್ದಾಡಿದವು ಎಂದು ಎಣಿಸಿ. ಎರಡು ನಿಮಿಷದ ಕೆಲಸ.

ಆಮೇಲೆ ಪುಡಿಯಲ್ಲಿ ಜೀವ ಇದೆಯಾ ಎಂದು ನೋಡಬೇಕು. ಅದಕ್ಕೆ ಅನ್ನ ಸಾಕು. ನೀರು ಕಮ್ಮಿ ಹಾಕಿ, ಅಗುಳು ಅಗುಳು ಬಿಡಿಯಾಗುವ ಹಾಗೆ ಬೇಯಿಸಿ. ಕುದಿಯುವ ನೀರಲ್ಲಿ ತೊಳೆದ ಎರಡು ಬಟ್ಟಲಿಗೆ ಒಂದೊಂದು ಹಿಡಿ ಹಾಕಿ. ಪೂರ್ತಿ ತಣಿಯಲಿ. ಒಂದಕ್ಕೆ ಚಿಟಿಕೆ ಪುಡಿ ಉದುರಿಸಿ, ಇನ್ನೊಂದಕ್ಕೆ ಏನೂ ಹಾಕಬೇಡಿ. ಎರಡಕ್ಕೂ ಶುದ್ಧ ಕಾಗದ ಕಟ್ಟಿ ನೆರಳಲ್ಲಿ ಇಡಿ. ಪುಡಿಯಲ್ಲಿ ಜೀವ ಇದ್ದರೆ ನಾಲ್ಕೈದು ದಿನದಲ್ಲಿ ಬಿಳಿ ಎಳೆ ಬರುತ್ತದೆ, ಮತ್ತೆ ಒಂದು ವಾರದೊಳಗೆ ಅದು ಹಸಿರಿಗೆ ತಿರುಗುತ್ತದೆ. ಪುಡಿ ಹಾಕದ ಬಟ್ಟಲಲ್ಲೂ ಅದೇ ಬಣ್ಣ ಬಂದರೆ ನಿಮ್ಮ ಪರೀಕ್ಷೆ ಕೆಟ್ಟಿದೆ, ಇನ್ನೊಮ್ಮೆ ಮಾಡಿ. ಅನ್ನದ ಮೇಲೆ ಬರುವ ಬೇರೆ ಬೂಸ್ಟೂ ಹಸಿರೇ ಇರುತ್ತದೆ, ಅದಕ್ಕೇ ಎರಡನೇ ಬಟ್ಟಲು ಬೇಕು. ಮುಗಿದ ಮೇಲೆ ಆ ಅನ್ನವನ್ನು ಕೋಳಿಗೆ ದನಕ್ಕೆ ಹಾಕಬೇಡಿ, ಹೂತುಬಿಡಿ.

ಇನ್ನೂ ನಂಬಿಕೆ ಬರದಿದ್ದರೆ ಹುಳದ ಮೇಲೇ ನೋಡಬಹುದು. ಮುಚ್ಚಳಕ್ಕೆ ತೂತು ಮಾಡಿದ ಹತ್ತು ಸಣ್ಣ ಡಬ್ಬಿ ತೆಗೆದುಕೊಳ್ಳಿ. ಒಂದೊಂದರಲ್ಲಿ ಒಂದೇ ಹುಳ, ತೇವದ ಗೊಬ್ಬರ. ಒಟ್ಟಿಗೆ ಹಾಕಿದರೆ ಒಂದನ್ನೊಂದು ಕಚ್ಚಿ ಗಾಯ ಮಾಡಿಕೊಳ್ಳುತ್ತವೆ, ಯಾವುದರಿಂದ ಸತ್ತಿತೆಂದು ಗೊತ್ತಾಗುವುದಿಲ್ಲ. ಐದಕ್ಕೆ ಪುಡಿ ಬೆರೆಸಿ, ಐದಕ್ಕೆ ಬೇಡ. ಎರಡು ಮೂರು ವಾರ ತಾಳ್ಮೆ ಬೇಕು. ಶಿಲೀಂಧ್ರದಿಂದ ಸತ್ತ ಹುಳ ಕೊಳೆತು ನಾರುವುದಿಲ್ಲ. ಗಟ್ಟಿಯಾಗುತ್ತದೆ. ಮೊದಲು ಮೈಯೆಲ್ಲ ಬಿಳಿ ಹತ್ತಿ ಮೆತ್ತಿದ ಹಾಗೆ, ಆಮೇಲೆ ಹಸಿರು ಪುಡಿ. ನಾನು ಮೊದಲ ಸಲ ಅಂಥದ್ದನ್ನು ಮುರಿದಾಗ ಬಳಪ ಮುರಿದ ಹಾಗೆ ಟಕ್ ಎಂದಿತು. ಕಪ್ಪಾಗಿ, ಮೆತ್ತಗಾಗಿ, ವಾಸನೆ ಬಂದರೆ ಅದು ಬೇರೆ ಕಾರಣಕ್ಕೆ ಸತ್ತದ್ದು.

ಭಾವನ ಪುಡಿ ಅನ್ನದ ಮೇಲೆ ಚೆನ್ನಾಗಿಯೇ ಬಂತು. ಹಾಗಾದರೆ ಗುಂಡಿಯಲ್ಲಿ ಯಾಕಾಗಲಿಲ್ಲ? ಇಲ್ಲಿ ಲೆಕ್ಕಕ್ಕೆ ಬರೋಣ. ತುಂಬ ಜನ ಎಡವುವುದು ಇಲ್ಲೇ.

ಒಂದು ಘನ ಮೀಟರ್ ಗೊಬ್ಬರಕ್ಕೆ ಬೇಕಾದ್ದು 50,000 ಕೋಟಿ ಬೀಜಕಣ. ಪೇಟೆಯಲ್ಲಿ ಸಿಗುವ ಪುಡಿಯ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಗ್ರಾಮಿಗೆ 10 ಕೋಟಿ ಎಂದು ಬರೆದಿರುತ್ತದೆ. ಅಂದರೆ ಒಂದು ಕಿಲೋ ಪ್ಯಾಕೆಟ್‌ನಲ್ಲಿ 10,000 ಕೋಟಿ. ಒಂದು ಘನ ಮೀಟರ್‌ಗೇ 5 ಕಿಲೋ ಬೇಕು! ಭಾವನ ಗುಂಡಿ 2 ಮೀಟರ್ ಉದ್ದ, ಒಂದೂವರೆ ಅಗಲ, ಒಂದು ಮೀಟರ್ ಆಳ. 3 ಘನ ಮೀಟರ್. ಅವರು ಹಾಕಿದ್ದು ಒಂದು ಕಿಲೋ. ಬೇಕಾದ್ದರಲ್ಲಿ ಹದಿನೈದನೇ ಒಂದು ಪಾಲು. ಇದು ಮೊದಲ ತಪ್ಪು. ಎರಡನೆಯದು, ಅದನ್ನೂ ಮೇಲಿಂದ ಚಿಮುಕಿಸಿದ್ದು. ಹುಳ ಇರುವುದು ಒಂದೂವರೆ ಅಡಿ ಕೆಳಗೆ.

ಹಾಗಾಗಿ ಪ್ಯಾಕೆಟ್‌ನ ಹಿಂದೆ ಬರೆದ ಸಂಖ್ಯೆ ಓದಿ, ಗುಂಡಿಯ ಅಳತೆ ತೆಗೆದು, ಗುಣಿಸಿ. ಅಷ್ಟು ಪುಡಿ ಕೊಳ್ಳಲು ಆಗುವುದಿಲ್ಲ ಎಂದಾದರೆ ಬೇಯಿಸಿದ ಅಕ್ಕಿಯಲ್ಲಿ ಬೆಳೆಸಿದ ಕಲ್ಚರ್ ವಿಚಾರಿಸಿ. ಅದರಲ್ಲಿ ಬೀಜಕಣ ಒತ್ತಾಗಿ ಇರುತ್ತದೆ. ಹಾಕುವಾಗ ಗೊಬ್ಬರ ಮಗುಚಿ, ಪದರ ಪದರವಾಗಿ ಸೇರಿಸಿ.

ಮೂರನೇ ತಪ್ಪು ಡಬ್ಬಿಯದ್ದು. "ಪುಡಿ ಯಾವುದರಲ್ಲಿ ಕಲಸಿದಿರಿ ಭಾವ?" ಎಂದೆ. "ಮದ್ದಿನ ಕ್ಯಾನಲ್ಲಿ" ಎಂದರು. ನಮ್ಮಲ್ಲಿ ಮದ್ದು ಎಂದರೆ ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಶಿಲೀಂಧ್ರವನ್ನು ಕೊಲ್ಲಲೆಂದೇ ಮಾಡಿದ ಮದ್ದು ಅದು. ಆ ಕ್ಯಾನಿನ ಒಳಗೋಡೆಗೆ ತಿಳಿನೀಲಿ ಬಣ್ಣ ಅಂಟಿಕೊಂಡೇ ಇತ್ತು. ನಮ್ಮ ಶಿಲೀಂಧ್ರವೂ ಶಿಲೀಂಧ್ರವೇ ಅಲ್ವಾ? ತಾಮ್ರಕ್ಕೆ ಮಿತ್ರ ಯಾವುದು ಶತ್ರು ಯಾವುದು ಎಂದು ಗೊತ್ತಾಗುವುದಿಲ್ಲ.

ಅಡಿಕೆ ತೋಟ ಇರುವ ಮನೆಯಲ್ಲಿ ಇದನ್ನು ತುಂಬ ಜಾಗ್ರತೆಯಿಂದ ನೋಡಬೇಕು. ಮಿತ್ರಜೀವಿಗೆ ಒಂದು ಬಾಲ್ದಿ, ಒಂದು ಸ್ಪ್ರೇಯರ್ ಬೇರೆಯೇ ಇಡಿ, ಮೇಲೆ ಪೇಂಟಿನಲ್ಲಿ ಬರೆಯಿರಿ. ಅಡಿಕೆ ಮರದ ಕೆಳಗೇ ಗೊಬ್ಬರ ಗುಂಡಿ ಇದ್ದರೆ ಮದ್ದು ಬಿಡುವ ದಿನ ಮೇಲಿಂದ ಹನಿ ಬೀಳುತ್ತದೆ. ಹಳೇ ಟಾರ್ಪಾಲು ಮುಚ್ಚಿ.

ಇನ್ನು ನೀರು. ಮಳೆಗಾಲದಲ್ಲಿ ನಮ್ಮ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದೆ. ಹಾಕಿದ ಮರುದಿನವೇ ಆ ನೀರಲ್ಲಿ ಕಲಸಿದರೆ ಕಲಸುವಾಗಲೇ ಅರ್ಧ ಜೀವ ಹೋಗುತ್ತದೆ. ತೋಡಿನ ನೀರೋ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರೋ ಒಳ್ಳೆಯದು. ಇಲ್ಲದಿದ್ದರೆ ಬಾವಿ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ಹಗಲು ತೆರೆದಿಟ್ಟು ಬಳಸಿ. ಬಿಸಿಲೂ ಆಗುವುದಿಲ್ಲ, ಸಂಜೆ ಹಾಕಿ. ಹೊಸ ಸೆಗಣಿ ರಾಶಿ ಒಳಗೊಳಗೇ ಕಾಯುತ್ತದೆ. ಕೈ ತೂರಿಸಿ ನೋಡಿ, ಬಿಸಿ ತಾಗಿದರೆ ಆರಲು ಬಿಡಿ. ಒಲೆಯ ಬೂದಿ, ಸುಣ್ಣ ಸುರಿಯುವ ಗುಂಡಿಯಲ್ಲೂ ಇದು ಏಳುವುದಿಲ್ಲ.

ಭಾವ ಇದನ್ನೆಲ್ಲ ಸರಿಮಾಡಿ ಮತ್ತೆ ಹಾಕಿದರು. ಐದು ವಾರ ಕಳೆದು ಇಬ್ಬರೂ ಸೇರಿ ಹಾರೆ ಹಾಕಿ ಅಗೆದೆವು. ಮೊದಲ ಬುಟ್ಟಿಯಲ್ಲೇ ಹಸಿರು ಪುಡಿ ಮೆತ್ತಿದ ಏಳು ಹುಳ ಸಿಕ್ಕಿತು. ಅವರು ಅವನ್ನು ಎಸೆಯಲು ಹೋದಾಗ ನಾನು ತಡೆದೆ. ಆ ಒಂದೊಂದು ಹೆಣವೂ ಬೀಜಕಣದ ಮೂಟೆ. ಪುಡಿಮಾಡಿ ಅಲ್ಲೇ ಸೇರಿಸಿದೆವು.

ಗುಂಡಿ ಸರಿಯಾಯ್ತು, ಆದರೆ ಮಡಲಿನಲ್ಲಿ ಇನ್ನೂ ಕತ್ತರಿ ಗುರುತು

ಇದು ತಪ್ಪಲ್ಲ, ಕಾಲದ ಲೆಕ್ಕ. ದುಂಬಿ ಸುಳಿಯಲ್ಲಿ ಮಡಚಿಕೊಂಡಿರುವ ಎಲೆಯನ್ನು ಕೊರೆಯುತ್ತದೆ. ಆ ಎಲೆ ಬಿಚ್ಚಿದಾಗ ಮಾತ್ರ ನಮಗೆ ತ್ರಿಕೋನದ ಕತ್ತರಿ ಕಾಣುವುದು. ತೆಂಗು ತಿಂಗಳಿಗೆ ಸುಮಾರು ಒಂದು ಮಡಲು ಬಿಡುತ್ತದೆ. ಹಾಗಾಗಿ ಇವತ್ತು ಕಾಣುವ ಗಾಯ ತಿಂಗಳುಗಳ ಹಿಂದಿನದ್ದು. ಈಗಲೂ ದುಂಬಿ ಇದೆಯಾ ಎಂದು ತಿಳಿಯಲು ಮರ ಹತ್ತುವವರಿಗೆ ಹೇಳಿ ಸುಳಿಯ ಬುಡ ನೋಡಿಸಿ. ತೂತಿನ ಬಾಯಲ್ಲಿ ಹಸಿ ನಾರು, ಜಗಿದು ಉಗಿದ ಹಾಗೆ ಇದ್ದರೆ ಹೊಸತು. ಒಣಗಿ ಕಂದಾಗಿದ್ದರೆ ಹಳತು.

ಮತ್ತೊಂದು, ಮರಿಹುಳ ಬೆಳೆದು ಮುಗಿಯಲು ಮೂರೂವರೆಯಿಂದ ಆರು ತಿಂಗಳು ಬೇಕು. ದುಂಬಿ ಆದ ಮೇಲೂ ತಿಂಗಳುಗಟ್ಟಲೆ ಬದುಕುತ್ತದೆ. ಶಿಲೀಂಧ್ರ ಹಾಕುವ ಮೊದಲೇ ಹಾರಿಹೋದ ದುಂಬಿಗಳು ಇದ್ದೇ ಇವೆ. ಒಂದು ವರ್ಷ ಕೊಡಿ. ಅಷ್ಟರಲ್ಲಿ ನಿಮ್ಮ ಗಡಿಯ ಸುತ್ತ ನಡೆದುಕೊಂಡು ಬನ್ನಿ. ಬಿದ್ದ ತೆಂಗಿನ ಕಾಂಡ, ಕಡಿದ ಬುಡ, ಯಾರೂ ಮುಟ್ಟದ ಪಕ್ಕದ ಮನೆಯ ಗುಂಡಿ ಕಾಣುತ್ತದೆ. ದುಂಬಿಗೆ ಬೇಲಿ ಇಲ್ಲ. ನಮ್ಮ ಬೈಲಿನಲ್ಲಿ ಐದು ಮನೆಯವರು ಒಂದೇ ವಾರದಲ್ಲಿ ಹಾಕಿದ ಮೇಲೆಯೇ ನಿಜವಾದ ವ್ಯತ್ಯಾಸ ಕಂಡದ್ದು. ಎಳೆ ಸಸಿಗಳಿಗೆ ಅಷ್ಟರವರೆಗೆ ಬೇವಿನ ಹಿಂಡಿ 250 ಗ್ರಾಂ, ಅಷ್ಟೇ ಮರಳು ಸೇರಿಸಿ ಸುಳಿಯ ಪಕ್ಕದ ಮೂರು ಕಂಕುಳಿಗೆ ತುಂಬಿ.

ಕಾಂಡದಲ್ಲಿ ತೂತು, ಅದರಿಂದ ಕಂದು ರಸ ಸೋರುತ್ತಿದೆ, ಕಿವಿ ಇಟ್ಟರೆ ಒಳಗೆ ಕರಕರ ಶಬ್ದ ಎಂದಾದರೆ ಈ ಲೇಖನ ಬದಿಗಿಟ್ಟು ಕೃಷಿ ಭವನಕ್ಕೋ ಸಿಪಿಸಿಆರ್‌ಐಗೋ ಹೋಗಿ. ಅದು ಕೆಂಪು ಮೂತಿ ಹುಳ. ಕುರುವಾಯಿ ಮಾಡಿದ ಗಾಯದ ವಾಸನೆಗೇ ಅದು ಬರುತ್ತದೆ. ಒಳಹೊಕ್ಕ ಮೇಲೆ ಜೈವಿಕ ದಾರಿ ಹುಡುಕುತ್ತಾ ಕೂತರೆ ಮರ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಎಲ್ಲದಕ್ಕೂ ಮಿತ್ರಜೀವಿ ಇದೆ ಎಂದು ಹೇಳುವವರಿಂದ ರೈತರಿಗೆ ನಷ್ಟವೇ.

ಕಪ್ಪುತಲೆ ಹುಳಕ್ಕೆ ಪರೋಪಜೀವಿ ಬಿಟ್ಟೆ, ಮಡಲು ಇನ್ನೂ ಸುಟ್ಟ ಹಾಗಿದೆ

ಬೇಸಿಗೆಯಲ್ಲಿ ಕುಂಬಳೆ, ಮಂಜೇಶ್ವರದ ಕರಾವಳಿ ತೆಂಗಿನಲ್ಲಿ ಇದು ಕಾಣುತ್ತದೆ. ದೂರದಿಂದ ನೋಡಿದರೆ ಕೆಳಗಿನ ಮಡಲಿಗೆ ಬೆಂಕಿ ತಾಗಿದ ಹಾಗೆ. ಗರಿಯ ಅಡಿಯಲ್ಲಿ ಹಿಕ್ಕೆ ಮತ್ತು ನೂಲು ಸೇರಿಸಿ ಹುಳ ಸುರಂಗ ಕಟ್ಟಿಕೊಂಡಿರುತ್ತದೆ. ಸುಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ. ಹಾಗಾಗಿ ಫಲ ಸಿಕ್ಕಿತಾ ಎಂದು ನೋಡಬೇಕಾದ್ದು ಹಳೇ ಮಡಲಲ್ಲಿ ಅಲ್ಲ, ಮೇಲಿನ ಹೊಸ ಮಡಲಲ್ಲಿ.

ಗೋನಿಯೋಜಸ್ ಎಂಬ ಪುಟ್ಟ ಕಪ್ಪು ಕಣಜವನ್ನು ಮರಕ್ಕೆ 20ರ ಲೆಕ್ಕದಲ್ಲಿ ಬಿಡುತ್ತಾರೆ. ಅದು ಬೆಳೆದ ಹುಳವನ್ನು ಕುಟುಕಿ ಮರಗಟ್ಟಿಸಿ, ಅದರ ಮೈಮೇಲೆ ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಇಲ್ಲಿ ಹೆಚ್ಚಾಗಿ ತಪ್ಪುವುದು ಹುಳದ ವಯಸ್ಸು. ತೀರಾ ಎಳೆ ಹುಳ ಮಾತ್ರ ಇದ್ದಾಗ ಬಿಟ್ಟರೆ ಅದಕ್ಕೆ ಮೊಟ್ಟೆ ಇಡಲು ಜಾಗವಿಲ್ಲ. ಎಲ್ಲವೂ ಕೋಶವಾದ ಮೇಲೆ ಬಿಟ್ಟರೂ ಅಷ್ಟೆ, ಕೋಶಕ್ಕೆ ಬ್ರಾಕಿಮೇರಿಯಾ ಎಂಬ ಬೇರೆ ಕಣಜ ಬೇಕು. ಬಿಡುವ ಹಿಂದಿನ ದಿನ ಎರಡು ಮೂರು ಮರದಿಂದ ಒಂದೊಂದು ಮಡಲು ಕಡಿಸಿ, ಸುರಂಗ ಬಿಡಿಸಿ, ಒಳಗೆ ಏನಿದೆ ಎಂದು ಎಣಿಸಿ. ಅರ್ಧ ಇಂಚಿನಷ್ಟು ಉದ್ದದ ಹುಳ ಸಾಕಷ್ಟು ಇದ್ದರೆ ಮಾತ್ರ ಕಣಜದ ಟ್ಯೂಬ್ ತನ್ನಿ.

ತರುವ ದಾರಿಯನ್ನೂ ನೆನಪು ಮಾಡಿಕೊಳ್ಳಿ. ಮಧ್ಯಾಹ್ನದ ಬಸ್ಸಿನ ಕಿಟಕಿ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗಂಟೆ ಬಂದ ಟ್ಯೂಬಿನಲ್ಲಿ ಏನು ಉಳಿದೀತು? ಬೆಳಗ್ಗೆಯೋ ಸಂಜೆಯೋ ತನ್ನಿ, ಒದ್ದೆ ಬಟ್ಟೆ ಸುತ್ತಿ. ಬಿಡುವ ಮೊದಲು ಹತ್ತಿಯಲ್ಲಿ ಅದ್ದಿದ ಜೇನು ಕೊಡಿ. ಟ್ಯೂಬಿನ ಹತ್ತಿರ ಹುಳದ ಹಿಕ್ಕೆ ಇರುವ ಗರಿಯ ಚೂರು ಇಡಿ. ಆ ವಾಸನೆ ಹಿಡಿದ ಕಣಜ ಮೇಲೆ ಹೋಗಿ ಹುಳವನ್ನು ಬೇಗ ಹುಡುಕುತ್ತದೆ. ಟ್ಯೂಬನ್ನು ಇರುವೆ ಸಾಲಿರುವ ಕಾಂಡಕ್ಕೆ ಒರಗಿಸಬೇಡಿ. ಮೋಡ ಕಟ್ಟಿದ ದಿನ ಬೇಡ. ಅಕ್ಕಪಕ್ಕದಲ್ಲಿ ಯಾರಾದರೂ ಕೀಟನಾಶಕ ಹೊಡೆದಿದ್ದರೆ ಕನಿಷ್ಠ ಮೂರು ವಾರ ಕಾಯಿರಿ.

ತೆಂಗಿನ ಬಿಳಿನೊಣ: ಏನೂ ಮಾಡದೆ ನೋಡಬೇಕಾದ್ದು

2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣ ಈಗ ನಮ್ಮಲ್ಲೂ ಇದೆ. ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ, ಕೆಳಗಿನ ಬಾಳೆ ಎಲೆಯ ಮೇಲೆ ಕಪ್ಪು ಮಸಿ. ಇದನ್ನು ಹಿಡಿಯುವ ಎನ್ಕಾರ್ಸಿಯಾ ಎಂಬ ಕಣಜವನ್ನು ಯಾರೂ ಕೊಂಡು ತರಬೇಕಿಲ್ಲ, ಬಿಳಿನೊಣದ ಹಿಂದೆಯೇ ಅದೂ ಬರುತ್ತದೆ. ಬಂದಿದೆಯಾ ಇಲ್ಲವಾ ಎಂದು ತಿಳಿಯಲು ಒಂದು ಭೂತಗನ್ನಡಿ ಸಾಕು. ಖಾಲಿಯಾದ ಕೋಶಗಳನ್ನು ನೋಡಿ. ಬಿಳಿನೊಣ ಹೊರಬಂದ ಕೋಶ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸೀಳಿರುತ್ತದೆ. ಕಣಜ ಹೊರಬಂದ ಕೋಶದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಉರುಟು ತೂತು. ಇನ್ನೂ ಒಡೆಯದ ಕೋಶ ಕಪ್ಪಾಗಿದ್ದರೆ ಅದರೊಳಗೆ ಕಣಜ ಬೆಳೆಯುತ್ತಿದೆ. ನೂರು ಎಣಿಸಿ. ಉರುಟು ತೂತು ಮತ್ತು ಕಪ್ಪು ಕೋಶ ಅರ್ಧಕ್ಕಿಂತ ಜಾಸ್ತಿ ಇದ್ದರೆ ಕೈ ಕಟ್ಟಿ ಕೂರುವುದೇ ಮದ್ದು. ಆಗ ಕೀಟನಾಶಕ ಹೊಡೆದವರ ತೋಟದಲ್ಲಿ ಮೊದಲು ಸಾಯುವುದು ಕಣಜ. ಮಸಿ ನೋಡಲಾಗುವುದಿಲ್ಲ ಎಂದರೆ 1 ಶೇಕಡಾ ಗಂಜಿನೀರು ಸಿಂಪಡಿಸಿ. ಒಣಗಿದಾಗ ಮಸಿ ಹಪ್ಪಳದ ಹಾಗೆ ಕಿತ್ತು ಬೀಳುತ್ತದೆ.

ಅಡಿಕೆಯ ಬೇರುಹುಳಕ್ಕೆ ಜಂತು ಹಾಕಿದರೆ

ಕೀಟ ತಿನ್ನುವ ಸೂಕ್ಷ್ಮ ಜಂತುಹುಳದ ಪೊಟ್ಟಣ ಬಂದ ಕೂಡಲೆ ಒಂದು ಚಮಚ ನೀರಿಗೆ ಚೂರು ಹಾಕಿ, ಕಪ್ಪು ತಟ್ಟೆಯಲ್ಲಿ ಭೂತಗನ್ನಡಿ ಹಿಡಿದು ನೋಡಿ. ಬದುಕಿದ್ದು ಬಳುಕುತ್ತದೆ. ಸತ್ತದ್ದು ಸೂಜಿಯ ಹಾಗೆ ನೆಟ್ಟಗೆ. ಮಣ್ಣು ಒಣಗಿದ್ದರೆ ಹಾಕುವುದೇ ವ್ಯರ್ಥ. ಮಳೆ ಹಿಡಿದ ಮೇಲೆ, ಹುಳ ಇನ್ನೂ ಎಳೆಯದಾಗಿರುವಾಗ ಹಾಕಬೇಕು. ದೀಪಾವಳಿ ಹೊತ್ತಿಗೆ ಬೆರಳುದ್ದ ಬೆಳೆದ ಹುಳಕ್ಕೆ ಹಾಕಿ ಫಲ ಇಲ್ಲ ಎನ್ನುವವರೇ ಜಾಸ್ತಿ. ಸತ್ತ ಹುಳದ ಬಣ್ಣವೂ ಸಾಕ್ಷಿ: ಹೆಟೆರೊರಾಬ್ಡಿಟಿಸ್ ಜಂತುವಿಂದ ಸತ್ತದ್ದು ಇಟ್ಟಿಗೆ ಕೆಂಪು, ಸ್ಟೈನರ್ನೆಮಾದಿಂದ ಸತ್ತದ್ದು ಮಾಸಲು ಕಂದು.

ಗೇರಿನ ಚಗಳಿ ಇರುವೆ ನಿಲ್ಲುತ್ತಿಲ್ಲ

ಇದನ್ನು ಬರೆಯುವಾಗ ಕೈ ಸ್ವಲ್ಪ ಭಾರವಾಗುತ್ತದೆ. ನಮ್ಮ ಗುಡ್ಡೆಗಳ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡೆಯ ಬುಡದಲ್ಲಿ ನಮ್ಮ ಮನೆ, ನಾವು ಕುಡಿಯುವ ಸುರಂಗದ ನೀರು. ಪಡ್ರೆಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇವರು ಗಟ್ಟಿಯಾಗಿ ಕೇಳುವವರೆಗೆ ಮಕ್ಕಳು ಯಾಕೆ ಅಂಗವೈಕಲ್ಯದೊಂದಿಗೆ ಹುಟ್ಟುತ್ತಾರೆ ಎಂದು ಕೇಳಿದವರು ಕಮ್ಮಿ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಲ್ಲಿಸಿತು. ಇಷ್ಟೆಲ್ಲ ಸುರಿದದ್ದು ಯಾವುದಕ್ಕೆ? ಚಿಗುರು ಮತ್ತು ಹೂಗೊಂಚಲು ಹೀರುವ ಟೀ ಸೊಳ್ಳೆ ಎಂಬ ತಿಗಣೆಗೆ. ಆ ಟೀ ಸೊಳ್ಳೆಯನ್ನು ಹಿಡಿದು ತಿನ್ನುವ ಕೆಂಪು ಚಗಳಿ ಅದೇ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿಕೊಂಡಿತ್ತು. ಸಿಂಪಡಣೆಯಾದ ಮರುದಿನ ಚಗಳಿಯೂ ಜೇನೂ ಒಟ್ಟಿಗೆ ನೆಲದಲ್ಲಿ ಬಿದ್ದಿರುತ್ತಿದ್ದವು ಎಂದು ಅಮ್ಮ ಈಗಲೂ ಹೇಳುತ್ತಾರೆ.

ಈಗ ಕೆಲವರು ಚಗಳಿ ಗೂಡನ್ನು ಗೇರಿಗೆ ತಂದು ಕಟ್ಟುತ್ತಾರೆ. ವಾರದಲ್ಲಿ ಗೂಡು ಖಾಲಿಯಾಗುತ್ತದೆ. ನಾನು ಕಂಡ ಕಾರಣ ಹೆಚ್ಚಾಗಿ ಎರಡು.

ಒಂದು, ಜಗಳ. ಬೇರೆ ಬೇರೆ ಕಡೆಯಿಂದ ತಂದ ಗೂಡುಗಳು ಬೇರೆ ಬೇರೆ ವಂಶದವು. ಗೆಲ್ಲು ತಾಗುವ ಮರಗಳಿಗೆ ಅವನ್ನು ಬಿಟ್ಟರೆ ಟೀ ಸೊಳ್ಳೆಯನ್ನು ಬಿಟ್ಟು ಒಂದನ್ನೊಂದು ಕೊಲ್ಲುತ್ತವೆ. ನನ್ನ ಮೊದಲ ವರ್ಷದಲ್ಲಿ ಬೆಳಗ್ಗೆ ಹೋಗಿ ನೋಡಿದಾಗ ಎರಡು ಮರದ ನಡುವಿನ ಗೆಲ್ಲಿನಲ್ಲಿ ಸಾವಿರಾರು ಇರುವೆ ಕಾಲು ಕಾಲು ಹಿಡಿದು ಎಳೆದಾಡುತ್ತಿದ್ದವು. ಕೆಳಗೆ ತರಗೆಲೆಯ ಮೇಲೆ ತುಂಡಾದ ತಲೆಗಳು. ಈಗ ಗೂಡು ತರುವ ಮೊದಲು ಒಂದು ಗೂಡಿನ ನಾಲ್ಕು ಇರುವೆಯನ್ನು ಕಡ್ಡಿಯಲ್ಲಿ ಹತ್ತಿಸಿ ಇನ್ನೊಂದರ ಸಾಲಿಗೆ ಬಿಡುತ್ತೇನೆ. ಮೀಸೆ ತಾಗಿಸಿ ಸುಮ್ಮನೆ ಮುಂದೆ ಹೋದರೆ ಒಂದೇ ಮನೆಯವು. ಹಿಡಿದು ಎಳೆದರೆ ಬೇರೆ.

ಇನ್ನೊಂದು, ರಾಣಿ. ಒಂದು ವಂಶಕ್ಕೆ ಗೂಡು ಹತ್ತಾರು, ರಾಣಿ ಇರುವುದು ಒಂದರಲ್ಲಿ. ನಾವು ಎರಡು ಗೂಡು ಕಡಿದು ತಂದರೆ ಅವು ಕೆಲವು ವಾರ ಕೆಲಸ ಮಾಡಿ ಮುಗಿಯುತ್ತವೆ. ಒಂದು ಮರದ ಎಲ್ಲ ಗೂಡನ್ನೂ, ಮುಖ್ಯವಾಗಿ ತುದಿಯ ಹೊಸ ಹಸಿರು ಎಲೆಯದ್ದನ್ನು, ನಸುಕಿನಲ್ಲೇ ಗೋಣಿಯಲ್ಲಿ ಹಿಡಿದು ತರಬೇಕು. ಅದಕ್ಕಿಂತ ಸುಲಭ, ಈಗಾಗಲೇ ಚಗಳಿ ಇರುವ ಮರದಿಂದ ಪಕ್ಕದ ಗೇರಿಗೆ ಹಗ್ಗ ಕಟ್ಟಿ ದಾರಿ ಮಾಡಿಕೊಡುವುದು. ಅವೇ ನಡೆದುಕೊಂಡು ಹೋಗುತ್ತವೆ, ರಾಣಿ ತನ್ನ ಮನೆಯಲ್ಲೇ ಇರುತ್ತಾಳೆ. ಮರದ ಬುಡದ ಕಳೆ ಸವರಿ, ಇಲ್ಲದಿದ್ದರೆ ಕೆಳಗಿನ ಕಪ್ಪಿರುವೆ ಹತ್ತಿ ಬಂದು ಓಡಿಸುತ್ತವೆ. ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಚಗಳಿ ಸಿಹಿಗಾಗಿ ಹಿಟ್ಟುತಿಗಣೆಯನ್ನು ಸಾಕುತ್ತದೆ. ಗೆಲ್ಲಿನಲ್ಲಿ ಬಿಳಿ ಹಿಟ್ಟು ಜಾಸ್ತಿಯಾದರೆ ಆ ಗೆಲ್ಲು ಕಡಿದು ತೆಗೆಯಿರಿ.

ಕೆಲಸ ಆಗುತ್ತಿದೆಯಾ ಎಂದು ನೋಡುವುದು ಅಕ್ಟೋಬರ್, ನವೆಂಬರ್‌ನ ಚಿಗುರಿನಲ್ಲಿ. ಹಗ್ಗ ಕಟ್ಟಿದ ಐದು ಮರ, ಕಟ್ಟದ ಐದು ಮರ, ಒಂದೊಂದರಲ್ಲಿ ನಾಲ್ಕು ದಿಕ್ಕಿನಿಂದ ಹತ್ತತ್ತು ಚಿಗುರು. ಕಪ್ಪು ಚುಕ್ಕಿ ಬಿದ್ದು ಬಾಡಿದ್ದು ಎಷ್ಟು ಎಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಎಣಿಸಲು ಅಮ್ಮನೂ ಬರುತ್ತಾರೆ. ಕೈಗೆ ಬೂದಿ ಸವರಿಕೊಂಡು, ಇರುವೆ ಹರಿಯದ ಹಾಗೆ ಸೆರಗು ಕಟ್ಟಿ, ಗುಡ್ಡೆಯ ಮೇಲಿನ ಮರದಿಂದ ಶುರು ಮಾಡುತ್ತಾರೆ.